ಮಾವನ ಮನೆಯ 43 ಡಿಸ್ಕುಗಳು: ಇಡೋದಕ್ಕೆ ಒಂದು ಫಾರ್ಮ್ಯಾಟ್, ನೋಡೋದಕ್ಕೆ ಇನ್ನೊಂದು

ಬೆಂಗಳೂರು ಹನುಮಂತನಗರದ ನಮ್ಮ ಸೋದರಮಾವನ ಮನೆಯಲ್ಲಿ ಯುಗಾದಿಗೆ ಮುಂಚೆ ಸುಣ್ಣಬಣ್ಣ ಮಾಡಿಸಿದರು. ಅಟ್ಟದಿಂದ ಇಳಿಸಿದ ಸಾಮಾನಿನಲ್ಲಿ ಒಂದು ಹಳೇ ಮಿಕ್ಸಿ ಡಬ್ಬ ಇತ್ತು. ಒಳಗೆ ಮಿಕ್ಸಿ ಇರಲಿಲ್ಲ, ಬರೀ ಡಿಸ್ಕುಗಳು. ಸಿನಿಮಾ ಡಿಸ್ಕುಗಳನ್ನು ಬೇರೆ ಮಾಡಿ, ಮನೆಯವರೇ ಇರುವಂಥವನ್ನು ಎಣಿಸಿದರೆ 43 ಬಂತು: 14 ವಿಸಿಡಿ, 22 ಡಿವಿಡಿ, ಆಮೇಲೆ ಅಂಗೈಯಷ್ಟಿರುವ 7 ಮಿನಿ ಡಿವಿಡಿ.

ಸಿನಿಮಾದವನ್ನು ನಾವು ಮುಟ್ಟಲಿಲ್ಲ. ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಮೋಸರ್ ಬೇರ್‌ನವರು ಮಾರುತ್ತಿದ್ದ ಕಾಲದ ಮಾಲು ಅದರಲ್ಲಿ ಸುಮಾರಿತ್ತು. ಅಂಗಡಿಯ ಡಿವಿಡಿಗಳಲ್ಲಿ ಸಾಮಾನ್ಯವಾಗಿ ಕಾಪಿ ಆಗದ ಹಾಗೆ ಬೀಗ ಹಾಕಿರುತ್ತಾರೆ, ಅದನ್ನು ಮುರಿಯುವ ವಿಷಯಕ್ಕೆ ಕಾನೂನಿನ ತಕರಾರು ಬೇರೆ ಇದೆ. ಅಲ್ಲದೆ ಆ ಸಿನಿಮಾಗಳು ಇವತ್ತಲ್ಲ ನಾಳೆ ಎಲ್ಲೋ ಸಿಗುತ್ತವೆ, ನಮ್ಮ ಅಜ್ಜಿ ಗೊಂಬೆ ಆರತಿ ಹಾಡಿದ್ದು ಇನ್ನೆಲ್ಲೂ ಸಿಗೋದಿಲ್ಲ ಅಲ್ವಾ.

ಡಬ್ಬದಲ್ಲಿ ಏನೇನಿತ್ತು ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಫಾರ್ಮ್ಯಾಟ್ ತೀರ್ಮಾನ ಆದದ್ದು ಅದರ ಮೇಲೇ. ಮಾವನ ಮದುವೆ 1989ರದ್ದು. ಆಗ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿತ್ತು. 2002ರಲ್ಲಿ ಅದನ್ನು ಮೂರು ವಿಸಿಡಿ ಮಾಡಿಸಿ, ಮನೆ ಬದಲಾಯಿಸುವಾಗ ಕ್ಯಾಸೆಟ್ಟನ್ನು ಗುಜರಿಗೆ ಹಾಕಿಬಿಟ್ಟರು. ಅಂದರೆ ಈಗ ಮೂಲ ಅಂತ ಏನಿದ್ದರೂ ಆ ವಿಸಿಡಿಯೇ. ಮಗನ ಉಪನಯನ 2001, ಅದೂ ವಿಸಿಡಿ. ಗೃಹಪ್ರವೇಶ 2005, ಡಿವಿಡಿ. 2007ರಲ್ಲಿ ಮಾವ ಮಿನಿ ಡಿವಿಡಿಯಲ್ಲಿ ರೆಕಾರ್ಡ್ ಆಗುವ ಕ್ಯಾಮೆರಾ ಒಂದನ್ನು ಕೊಂಡು, ಎರಡು ವರ್ಷ ಆಸೆಯಿಂದ ಬಳಸಿ, ಆಮೇಲೆ ಅದನ್ನೂ ಅಟ್ಟಕ್ಕೆ ಹಾಕಿದ್ದರು. ಮಗಳ ಮದುವೆ 2016, ನಾಲ್ಕು ಡಿವಿಡಿಯ ಸೆಟ್ಟು, ಮೇಲೆ ವೆಲ್ವೆಟ್ ಡಬ್ಬ.

ನನಗಿಂತ ಮುಂಚೆ ಒಂದು ಪ್ರಯತ್ನ ಆಗಿತ್ತು. ಮಾವ ಹತ್ತು ಡಿಸ್ಕುಗಳನ್ನು ಹತ್ತಿರದ ಒಂದು ಅಂಗಡಿಗೆ ಕೊಟ್ಟು "ಪೆನ್‌ಡ್ರೈವಿಗೆ ಹಾಕಿಕೊಡಪ್ಪಾ" ಅಂದಿದ್ದರು. ಎರಡು ದಿನದಲ್ಲಿ ಎಲ್ಲ ಎಂಪಿ4 ಆಗಿ ಬಂತು. ಮಾವ ಖುಷಿಯಾಗೇ ಟಿವಿಗೆ ಹಾಕಿದರು. ಅತ್ತೆ ನೋಡಿದವರೇ, "ಇದೇನ್ರೀ, ಎಲ್ಲರ ಮುಖಾನೂ ಕಡುಬಿನ ಹಾಗಾಗಿದೆ" ಅಂದರು. ನನಗೆ ಫೋನ್ ಬಂದದ್ದು ಆಮೇಲೆ.

ಪೆನ್‌ಡ್ರೈವ್ ತೆಗೆದು ನೋಡಿದೆ. ಮೂರು ತಪ್ಪು ಒಟ್ಟಿಗೆ ಆಗಿದ್ದವು. ಮೊದಲನೇದು ಅತ್ತೆ ಹೇಳಿದ್ದು. ನಮ್ಮ ಕಡೆಯ ಡಿವಿಡಿಯಲ್ಲಿ ಚಿತ್ರ 720 ಅಡ್ಡ, 576 ಉದ್ದ ಚುಕ್ಕೆಗಳಲ್ಲಿರುತ್ತದೆ, ಆದರೆ ಆ ಚುಕ್ಕೆಗಳು ಚೌಕ ಅಲ್ಲ. ತೋರಿಸುವಾಗ ಪ್ಲೇಯರ್ ಅದನ್ನು 4:3 ಆಕಾರಕ್ಕೆ ಸರಿಮಾಡಿ ತೋರಿಸಬೇಕು. ಅಂಗಡಿಯವರು ಈಗಿನ ಟಿವಿ ತುಂಬಲಿ ಅಂತ 16:9ಕ್ಕೆ ಎಳೆದುಬಿಟ್ಟಿದ್ದರು. ಎರಡನೇದು, ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಹಳೇ ಟಿವಿಗೆಂದು ಮಾಡಿದ ವಿಡಿಯೋದಲ್ಲಿ ಸೆಕೆಂಡಿಗೆ 25 ಪೂರ್ತಿ ಚಿತ್ರ ಇರೋದಿಲ್ಲ, 50 ಅರ್ಧ ಚಿತ್ರ ಇರುತ್ತವೆ: ಒಮ್ಮೆ ಬೆಸ ಗೆರೆಗಳು, ಇನ್ನೊಮ್ಮೆ ಸಮ ಗೆರೆಗಳು. ಇದನ್ನು ಬಿಡಿಸದೆ ಹಾಗೇ ಎರಡೆರಡು ಸೇರಿಸಿ ಹೊಸ ಫೈಲ್ ಮಾಡಿದರೆ ಹಲ್ಲು ಶಾಶ್ವತವಾಗಿ ಅಚ್ಚೊತ್ತಿದ ಹಾಗಾಗುತ್ತದೆ, ಆಮೇಲೆ ತೆಗೆಯೋದು ಬಲು ಕಷ್ಟ. ಮೂರನೇದು ಸೈಜು. ನಾಲ್ಕು ಜಿಬಿಗೂ ಮಿಕ್ಕಿದ ಡಿವಿಡಿ 300 ಎಂಬಿ ಆಗಿತ್ತು. ಧಾರೆ ಸೀರೆಯ ಜರಿ ಪೂರ್ತಿ ಕಲಸಿಹೋಗಿತ್ತು.

ಪುಣ್ಯಕ್ಕೆ ಡಿಸ್ಕುಗಳನ್ನು ವಾಪಸ್ ಕೊಟ್ಟಿದ್ದರು. "ಪೆನ್‌ಡ್ರೈವಿಗೆ ಬಂತಲ್ಲ, ಇವನ್ನ ಎಸೆದುಬಿಡೋಣ" ಅಂತ ಮಾವ ಕವರಿಗೂ ತುಂಬಿದ್ದರಂತೆ.

ಹೀಗೆ ಕೆಲಸ ನನ್ನ ತಲೆಗೆ ಬಂತು. ನಾನೇನು ವಿಡಿಯೋ ವೃತ್ತಿಯವನಲ್ಲ, ಕಂಪ್ಯೂಟರ್ ಮುಂದೆ ಕೂತು ಸಂಬಳ ತಗೊಳ್ಳೋನು ಅಷ್ಟೆ. ಮಾವನ ಮಗ ಒಂದು ಶನಿವಾರ ಬಂದು ಕೂತ. ಅವನ ಮೊದಲ ಮಾತು: "ಭಾವ, ಮಾಡೋದು ಮಾಡ್ತೀವಿ, ಎಐ ಹಾಕಿ ಎಲ್ಲಾನೂ 4ಕೆ ಮಾಡಿಬಿಡೋಣ." ನಾನು ಅವನಿಗೆ ಲೆಕ್ಕ ಹಾಕಿ ತೋರಿಸಿದೆ. ವಿಸಿಡಿಯ ಚಿತ್ರ 352 ಗುಣಿಸು 288, ಅಂದರೆ ಒಂದು ಲಕ್ಷ ಚುಕ್ಕೆ. 4ಕೆ ಅಂದರೆ 83 ಲಕ್ಷ ಚುಕ್ಕೆ. ಇರುವ ಒಂದು ಚುಕ್ಕೆಯಿಂದ 80ಕ್ಕೂ ಹೆಚ್ಚು ಚುಕ್ಕೆ ಹುಟ್ಟಬೇಕು, ಅಷ್ಟೂ ಊಹೆ. ಅಜ್ಜಿಯ ಮುಖದ ಮೇಲೆ ಯಾವುದೋ ಸಾಫ್ಟ್‌ವೇರ್ ಊಹಿಸಿದ ಕಣ್ಣು ಕೂತರೆ ಅದು ಅಜ್ಜಿ ಹೇಗಾಗುತ್ತಾರೆ? ಬೇಕಿದ್ದರೆ ಮುಂದೆ ಯಾವತ್ತಾದರೂ ಒಂದು ಪ್ರತಿಗೆ ಮಾಡಿಕೊಳ್ಳಲಿ, ಮೂಲದ ಜಾಗದಲ್ಲಿ ಅದನ್ನು ಇಡೋದು ಬೇಡ ಅಂದೆ.

ಅವನ ಎರಡನೇ ಮಾತಿಗೆ ಸ್ವಲ್ಪ ತೂಕ ಇತ್ತು. ಎಲ್ಲವನ್ನೂ ಎಚ್.265 ಅನ್ನುವ, ವಿಡಿಯೋವನ್ನು ಇನ್ನೂ ಚಿಕ್ಕದಾಗಿ ಹಿಂಡುವ ವಿಧಾನಕ್ಕೆ ಬದಲಾಯಿಸಿದರೆ ಜಾಗ ಉಳಿಯುತ್ತದಲ್ಲ? ನಿಜ, ಉಳಿಯುತ್ತದೆ. ಆದರೆ ಎಷ್ಟು? 43 ಡಿಸ್ಕು ಸೇರಿ ಒಟ್ಟು ಬಂದದ್ದು ನೂರು ಜಿಬಿ ಚಿಲ್ಲರೆ. ಒಂದು ಟಿಬಿ ಹಾರ್ಡ್‌ಡಿಸ್ಕಿನಲ್ಲಿ ಹತ್ತರಲ್ಲಿ ಒಂದು ಭಾಗ. ಅಷ್ಟು ಉಳಿಸೋಕೆ ಹೋಗಿ ಗುಣಮಟ್ಟ ಕಳೆಯೋದು ಯಾಕೆ? ವಿಡಿಯೋ ಒಮ್ಮೆ ಡಿಸ್ಕಿಗೆ ಹೋಗುವಾಗಲೇ ಹಿಂಡಿಸಿಕೊಂಡಿದೆ, ವಿಸಿಡಿಯಲ್ಲಿ ಎಂಪೆಗ್-1, ಡಿವಿಡಿಯಲ್ಲಿ ಎಂಪೆಗ್-2. ಮತ್ತೆ ಹಿಂಡಿದರೆ ಪ್ರತಿ ಸಲವೂ ಸ್ವಲ್ಪ ಹೋಗುತ್ತದೆ, ಒಗೆದ ಬಟ್ಟೆಯ ಬಣ್ಣದ ಹಾಗೆ. ಆಫೀಸಿನ ಗೆಳೆಯನೊಬ್ಬ ಇದಕ್ಕೆ ಪೂರ್ತಿ ಉಲ್ಟಾ ಸಲಹೆ ಕೊಟ್ಟ: ಆರ್ಕೈವ್‌ಗಳಲ್ಲಿ ಬಳಸುವ ಎಫ್‌ಎಫ್‌ವಿ1 ಹಾಕು, ಒಂದು ಚುಕ್ಕೆಯೂ ನಷ್ಟ ಆಗೋದಿಲ್ಲ ಅಂತ. ಒಳ್ಳೇ ಫಾರ್ಮ್ಯಾಟೇ ಅದು. 2021ರಲ್ಲಿ ಅದರ ವಿವರಣೆ ಇಂಟರ್‌ನೆಟ್ಟಿನ ಮಾನದಂಡ ರೂಪಿಸುವ ಸಂಸ್ಥೆ ಐಇಟಿಎಫ್‌ನಿಂದ ಪ್ರಕಟವೂ ಆಗಿದೆ. ಕ್ಯಾಸೆಟ್ ಇನ್ನೂ ಕೈಯಲ್ಲಿದ್ದು, ಅದರಿಂದ ನೇರ ರೆಕಾರ್ಡ್ ಮಾಡುವಂತಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ಆದರೆ ಈಗಾಗಲೇ ಹಿಂಡಿದ ಎಂಪೆಗ್-2ವನ್ನು ಅದಕ್ಕೆ ಬಿಚ್ಚಿ ತುಂಬಿದರೆ ಫೈಲ್ ಹಲವು ಪಟ್ಟು ಉಬ್ಬುತ್ತದೆ, ಒಂದು ಎಳ್ಳಷ್ಟೂ ಹೆಚ್ಚು ಚಿತ್ರ ಸಿಗೋದಿಲ್ಲ.

ಕೊನೆಗೆ ತೀರ್ಮಾನ ಮಾಡಿಸಿದ್ದು ಮಾವ. ಮಗಳ ಮದುವೆ ಡಿವಿಡಿಯ ಮೊದಲ ಪರದೆಯಲ್ಲಿ ಗಂಡು ಹೆಣ್ಣಿನ ಫೋಟೋ, ಸುತ್ತ ಹಾರುವ ಹೃದಯಗಳು, ಕೆಳಗೆ "ವರಪೂಜೆ, ಮುಹೂರ್ತ, ಆರತಕ್ಷತೆ" ಅಂತ ಬಟನ್ನುಗಳು. "ಅದೂ ಇರ್ಬೇಕಪ್ಪಾ, ಅದಕ್ಕೂ ದುಡ್ಡು ಕೊಟ್ಟಿದೀನಿ" ಅಂದರು. ಮೆನು ಸಮೇತ ಉಳಿಯಬೇಕಾದರೆ ನೇರ ದಾರಿ ಅಂದರೆ, ಡಿಸ್ಕನ್ನು ಇದ್ದದ್ದು ಇದ್ದ ಹಾಗೆ ಐಎಸ್ಒ ಇಮೇಜ್ ಮಾಡೋದು. ಹಾಗಾಗಿ ಎರಡು ಫೋಲ್ಡರ್ ಅಂತ ಗೊತ್ತು ಮಾಡಿದೆವು. "ಮೂಲ" ಅನ್ನೋದರಲ್ಲಿ ಡಿಸ್ಕಿನಲ್ಲಿ ಇದ್ದದ್ದು ಇದ್ದಂತೆ. "ನೋಡಲು" ಅನ್ನೋದರಲ್ಲಿ ಯಾವ ಟಿವಿ, ಯಾವ ಫೋನಿನಲ್ಲೂ ಓಡುವಂಥ ಎಂಪಿ4. ಮೊದಲನೇದನ್ನು ಯಾರೂ ದಿನಾ ತೆರೆಯೋದಿಲ್ಲ. ಎರಡನೇದು ಹಾಳಾದರೆ ಮೊದಲನೇದರಿಂದ ಮತ್ತೆ ಮಾಡಿಕೊಳ್ಳಬಹುದು. ಜಗಳ ಇದ್ದದ್ದೆಲ್ಲ ಒಂದೇ ಫೈಲಿನಿಂದ ಎರಡೂ ಕೆಲಸ ಆಗಲಿ ಅನ್ನೋದರಿಂದ.

ಎಂಕೆವಿ (ಚಿತ್ರ, ಧ್ವನಿ ಎರಡನ್ನೂ ಒಂದೇ ಫೈಲಿನಲ್ಲಿ ಇಡುವ ಇನ್ನೊಂದು ಫಾರ್ಮ್ಯಾಟ್) ಯಾಕೆ ಇಲ್ಲ ಅಂತ ತಿಳಿದವರು ಕೇಳುತ್ತಾರೆ. ಮೇಕ್‌ಎಂಕೆವಿ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಡಿವಿಡಿಯ ತುಂಡು ತುಂಡು ಫೈಲುಗಳು ಸೇರಿ, ಚಿತ್ರ ಧ್ವನಿ ಎರಡೂ ಹಾಗೇ ಉಳಿದು, ಒಂದು ಅಚ್ಚುಕಟ್ಟಾದ ಫೈಲ್ ಬರುತ್ತದೆ, ನಿಜ. ಮೆನು ಬೇಡ ಅನ್ನೋರಿಗೆ ಅದೇ ಸಾಕು, ಐಎಸ್ಒಗಿಂತ ಅದೇ ಸುಲಭ ಕೂಡ. ನಮಗೆ ಮೆನು ಬೇಕಿತ್ತು, ಐಎಸ್ಒ ಇದ್ದರೆ ಎಂಕೆವಿ ಯಾವತ್ತು ಬೇಕಾದರೂ ತೆಗೆಯಬಹುದು, ಎಂಕೆವಿಯಿಂದ ಮೆನು ವಾಪಸ್ ಬರೋದಿಲ್ಲ.

ಇನ್ನು ಓದಿಸುವ ಕೆಲಸ. ನನ್ನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ, ಈಗ ಯಾವುದರಲ್ಲಿದೆ ಹೇಳಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ಯುಎಸ್‌ಬಿ ಡಿವಿಡಿ ಡ್ರೈವ್ ತಂದೆ, ಜೊತೆಗೆ ಹಳೇ ಡೆಸ್ಕ್‌ಟಾಪಿನಿಂದ ಕಳಚಿದ ಒಂದು ದೊಡ್ಡ ಡ್ರೈವನ್ನೂ. ಆ ಎರಡನೇದು ಇರದಿದ್ದರೆ ಐದಾರು ಡಿಸ್ಕು ಕೈಬಿಟ್ಟುಹೋಗುತ್ತಿದ್ದವು. ತೆಳ್ಳನೆಯದು ಓದದ್ದನ್ನು ದಪ್ಪನೆಯದು ಓದಿತು, ಒಂದೆರಡು ಕಡೆ ಉಲ್ಟಾ ಕೂಡ. ಒಂದು ಡ್ರೈವ್ "ಆಗಲ್ಲ" ಅಂದರೆ ಡಿಸ್ಕು ಸತ್ತಿತು ಅಂತಲ್ಲ.

ಡಿವಿಡಿಗಳಿಗೆ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರ್ ಬಳಸಿದೆ. ಇದು ಮೊದಲು ಸಲೀಸಾಗಿ ಓದುವ ಭಾಗವನ್ನೆಲ್ಲ ಓದಿಕೊಂಡು, ಕೆಟ್ಟ ಜಾಗವನ್ನು ಹಾರಿಸಿ, ಆಮೇಲೆ ಅಲ್ಲಿಗೇ ಮತ್ತೆ ಮತ್ತೆ ಹೋಗಿ ಕೆದಕುತ್ತದೆ. ಎಲ್ಲಿ ಓದಿದೆ, ಎಲ್ಲಿ ಓದಿಲ್ಲ ಅನ್ನೋದನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಮೇ ತಿಂಗಳ ಮಳೆಗೆ ಸಂಜೆ ಹೊತ್ತು ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆಫ್ ಆದಾಗ ಇದರ ಬೆಲೆ ಗೊತ್ತಾಯಿತು, ಬಿಟ್ಟಲ್ಲಿಂದಲೇ ಮುಂದುವರಿಯಿತು.

ವಿಸಿಡಿ ವಿಷಯದಲ್ಲಿ ಮೊದಲು ಪೆಟ್ಟು ತಿಂದೆ. ಅದಕ್ಕೂ ಐಎಸ್ಒ ಮಾಡೋಣ ಅಂತ ಹೊರಟರೆ ಎರರ್ ಮೇಲೆ ಎರರ್. ಡಿಸ್ಕ್ ಚೆನ್ನಾಗೇ ಇತ್ತು, ತಪ್ಪು ನನ್ನದು. ಸಾಮಾನ್ಯ ಡೇಟಾ ಸಿ.ಡಿ.ಯಲ್ಲಿ ಒಂದೊಂದು ಸೆಕ್ಟರಿಗೆ 2048 ಬೈಟ್ ಡೇಟಾ, ಉಳಿದ ಜಾಗ ತಪ್ಪು ತಿದ್ದೋದಕ್ಕೆ. ವಿಸಿಡಿಯಲ್ಲಿ ಒಂದು ಗಂಟೆಗೂ ಮೀರಿದ ವಿಡಿಯೋ ಹಿಡಿಸಬೇಕು ಅಂತ ಆ ತಿದ್ದುವ ಜಾಗವನ್ನೂ ವಿಡಿಯೋಗೇ ಕೊಟ್ಟು, ಸೆಕ್ಟರಿಗೆ 2324 ಬೈಟ್ ತುಂಬಿದ್ದಾರೆ. ಐಎಸ್ಒಗೆ ಈ ಅಳತೆ ಹಿಡಿಸೋದಿಲ್ಲ. ಬಿನ್-ಕ್ಯೂ ಅನ್ನುವ ಜೋಡಿ ಫೈಲಿನಲ್ಲೇ ತೆಗೆಯಬೇಕು. ಗೀರು ಬಿದ್ದ ವಿಸಿಡಿಯಲ್ಲಿ ಚಿತ್ರ ಅಷ್ಟು ಬೇಗ ಚೌಕ ಚೌಕವಾಗಿ ಒಡೆಯೋದು ಯಾಕೆ ಅನ್ನೋದಕ್ಕೂ ಉತ್ತರ ಇದೇ, ಸರಿಮಾಡುವ ಹೆಚ್ಚುವರಿ ಮಾಹಿತಿ ಅಲ್ಲಿ ಕಡಿಮೆ. ಬಿನ್-ಕ್ಯೂ ಜೊತೆಗೆ ಒಳಗಿನ ವಿಡಿಯೋವನ್ನು ಎಂಪಿಜಿ ಫೈಲಾಗಿಯೂ ಬಿಡಿಸಿ "ಮೂಲ"ದಲ್ಲೇ ಇಟ್ಟೆ. ಸುಮ್ನೆ ಡಿಸ್ಕಿನಿಂದ ಡಿಎಟಿ ಅನ್ನುವ ವಿಡಿಯೋ ಫೈಲನ್ನು ಎಳೆದು ಹಾಕಿಕೊಂಡರೂ ವಿಎಲ್‌ಸಿ ಪ್ಲೇಯರಿನಲ್ಲಿ ಓಡುತ್ತದೆ, ಆದರೆ ಅದರ ಮೇಲೆ ವಿಂಡೋಸ್ ತನ್ನದೊಂದು ಹೊದಿಕೆ ಹಾಕಿರುತ್ತದೆ, ಕೆಲವು ಟಿವಿಗಳಿಗೆ ಅದು ಅರ್ಥ ಆಗೋದಿಲ್ಲ.

ಈಗ ನನ್ನ ದೊಡ್ಡ ತಪ್ಪು. ಉಪನಯನದ ಎರಡನೇ ವಿಸಿಡಿಯ ಮೇಲೆ ಅರ್ಧ ಕಿತ್ತುಹೋದ ಸ್ಟಿಕರ್ ಇತ್ತು, ಡ್ರೈವಿನಲ್ಲಿ ತಿರುಗುವಾಗ ಗಡಗಡ ಅನ್ನುತ್ತಿತ್ತು. ಪೂರ್ತಿ ತೆಗೆದರೆ ಸರಿಹೋಗಬಹುದು ಅಂತ ಎಳೆದೆ. ಸ್ಟಿಕರ್ ಬಂತು, ಅದರ ಬೆನ್ನಿಗೆ ಅಂಟಿಕೊಂಡು ಬೆಳ್ಳಿ ಪದರವೂ ಬಂತು. ಡಿಸ್ಕನ್ನು ಬೆಳಕಿಗೆ ಹಿಡಿದರೆ ಆಚೆ ಕಡೆ ಗಾಂಧಿ ಬಜಾರಿನಿಂದ ತಂದ ಕ್ಯಾಲೆಂಡರ್ ಕಾಣುತ್ತಿತ್ತು. ಸಿ.ಡಿ.ಯಲ್ಲಿ ಮಾಹಿತಿ ಇರೋದು ಮೇಲ್ಗಡೆ, ಲೇಬಲ್ಲಿಗೆ ತಾಗಿಕೊಂಡೇ. ನಾವೆಲ್ಲ ಹೊಳೆಯುವ ಕೆಳಭಾಗವನ್ನು ಕಾಪಾಡುತ್ತೇವೆ, ಅಲ್ಲಿ ಗೀರು ಬಿದ್ದರೆ ಪಾಲಿಶ್ ಮಾಡಿ ಉಳಿಸಬಹುದು, ಮೇಲಿನದು ಹೋದರೆ ಮುಗೀತು. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರೋದರಿಂದ ಈ ಭಯ ಇಲ್ಲ. ಇದನ್ನೆಲ್ಲ ನಾನು ಓದಿಕೊಂಡದ್ದು ಎಳೆದ ಮೇಲೆ.

ಮಾವನಿಗೆ ಹೇಳೋಕೆ ಎರಡು ದಿನ ತಗೊಂಡೆ. ಅವರು ಬೈಯಲಿಲ್ಲ. "ಮೈಸೂರಿನ ಚಿಕ್ಕಮ್ಮನ ಶೋಕೇಸಲ್ಲಿ ನೋಡು, ಆಗ ಎಲ್ಲರಿಗೂ ಒಂದೊಂದು ಕಾಪಿ ಹಂಚಿದ್ವಿ" ಅಂದರು. ಇದು ನನಗೆ ಹೊಳೆದೇ ಇರಲಿಲ್ಲ! ಆ ಕಾಲದಲ್ಲಿ ಸಮಾರಂಭದ ಡಿಸ್ಕನ್ನು ಮೂರ್ನಾಲ್ಕು ಕಾಪಿ ಹಾಕಿಸಿ ಹತ್ತಿರದ ನೆಂಟರಿಗೆ ಕೊಡೋದು ರೂಢಿ. ಚಿಕ್ಕಮ್ಮನ ಮನೆಯ ಕಾಪಿಯನ್ನು ಯಾರೂ ಒಮ್ಮೆಯೂ ಹಾಕಿ ನೋಡಿರಲಿಲ್ಲ ಅನ್ನಿಸುತ್ತದೆ, ಕವರ್ ಕೂಡ ಬಿಚ್ಚಿದ ಹಾಗಿರಲಿಲ್ಲ. ಅದೇ ಚೀಲದಲ್ಲಿ ಗೃಹಪ್ರವೇಶದ ಡಿವಿಡಿಯ ಇನ್ನೊಂದು ಪ್ರತಿಯೂ ಸಿಕ್ಕಿತು. ನಮ್ಮದರಲ್ಲಿ ಸುಮಾರು 60 ಎಂಬಿ ಓದಿರಲಿಲ್ಲ. ಅದೇ ಮ್ಯಾಪ್ ಫೈಲ್ ಇಟ್ಟುಕೊಂಡು ಚಿಕ್ಕಮ್ಮನ ಡಿಸ್ಕನ್ನು ಹಾಕಿದರೆ ಡಿಡಿರೆಸ್ಕ್ಯೂ ನಮ್ಮಲ್ಲಿ ತೂತಾಗಿದ್ದ ಜಾಗವನ್ನು ಮಾತ್ರ ಅಲ್ಲಿಂದ ತಂದು ತುಂಬಿತು. ಚಿಕ್ಕಮ್ಮನದರಲ್ಲೂ ಕೆಟ್ಟ ಜಾಗ ಇತ್ತು, ಆದರೆ ಬೇರೆ ಕಡೆ. ಎರಡೂ ಒಂದೇ ಇಮೇಜಿನಿಂದ ಬರೆದ ಡಿಸ್ಕುಗಳಾದರೆ ಮಾತ್ರ ಈ ಜಾದೂ ನಡೆಯುತ್ತದೆ, ಹಾಗಾಗಿ ಮೊದಲು ಒಳಗಿನ ಫೈಲುಗಳ ಸೈಜು ಒಂದೇ ಇದೆಯಾ ಅಂತ ನೋಡಿಕೊಳ್ಳಿ.

ಮಿನಿ ಡಿವಿಡಿಗಳ ಕಥೆ ಇನ್ನೂ ಬೇರೆ. ಏಳರಲ್ಲಿ ಮೂರು "ಖಾಲಿ ಡಿಸ್ಕ್" ಅಂತ ತೋರಿಸಿದವು. ವಿಂಡೋಸ್ ಬಹಳ ವಿನಯದಿಂದ, ಇದರಲ್ಲಿ ಏನು ಬರೆಯಲಿ, ಫಾರ್ಮ್ಯಾಟ್ ಮಾಡಲೇ ಅಂತ ಕೇಳುತ್ತದೆ. ದಯವಿಟ್ಟು ಆ ಪೆಟ್ಟಿಗೆ ಬಂದರೆ ಮುಚ್ಚಿ. ಡಿಸ್ಕ್ ಖಾಲಿ ಇರಲಿಲ್ಲ, ಮಾವ ಅದನ್ನು ಕ್ಯಾಮೆರಾದಲ್ಲಿ ಫೈನಲೈಸ್ ಮಾಡಿರಲಿಲ್ಲ, ಅಷ್ಟೆ. ರೆಕಾರ್ಡ್ ಆದ ಮೇಲೆ ಕೊನೆಗೊಮ್ಮೆ ಫೈನಲೈಸ್ ಒತ್ತಿದರೆ ಮಾತ್ರ ಬೇರೆ ಪ್ಲೇಯರುಗಳಿಗೆ ಅರ್ಥವಾಗುವ ವಿಷಯಸೂಚಿ ಡಿಸ್ಕಿಗೆ ಬರುತ್ತದೆ. ವಿಡಿಯೋ ಅಲ್ಲೇ ಇರುತ್ತದೆ, ಸೂಚಿ ಇರೋದಿಲ್ಲ.

ಕ್ಯಾಮೆರಾ ಅಟ್ಟದಲ್ಲೇ ಸಿಕ್ಕಿತು, ಚಾರ್ಜರ್ ಸಿಗಲಿಲ್ಲ. ಮತ್ತೆ ಎಸ್.ಪಿ. ರೋಡು. ಮೂರನೇ ಅಂಗಡಿಯಲ್ಲಿ ಒಬ್ಬರು ಕ್ಯಾಮೆರಾ ತಿರುಗಿಸಿ ನೋಡಿ, ರಟ್ಟಿನ ಡಬ್ಬದಿಂದ ಒಂದು ಸೆಕೆಂಡ್ ಹ್ಯಾಂಡ್ ಅಡಾಪ್ಟರ್ ತೆಗೆದುಕೊಟ್ಟರು. ಆದರೆ ನೇರ ಹೋಗಿ ಫೈನಲೈಸ್ ಒತ್ತಲಿಲ್ಲ. ಅದು ಡಿಸ್ಕಿನ ಮೇಲೆ ಬರೆಯುವ ಕೆಲಸ, ಹದಿನೇಳು ಹದಿನೆಂಟು ವರ್ಷದ ಕ್ಯಾಮೆರಾ ಅರ್ಧದಲ್ಲಿ ನಿಂತರೆ ಗತಿ ಏನು? ಮೊದಲು ಐಸೋಬಸ್ಟರ್ ಅನ್ನುವ, ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರಿನಲ್ಲಿ ಆ ಮೂರನ್ನೂ ಓದಿಸಿ, ಸಿಕ್ಕಷ್ಟು ವಿಡಿಯೋ ತೆಗೆದಿಟ್ಟುಕೊಂಡೆ. ಓದೋದರಿಂದ ಡಿಸ್ಕಿಗೆ ಏನೂ ಆಗೋದಿಲ್ಲ. ಆಮೇಲೆ ಕ್ಯಾಮೆರಾಗೆ ಹಾಕಿದೆವು. ಎರಡು ಫೈನಲೈಸ್ ಆದವು, ಮೂರನೇದಕ್ಕೆ ಕ್ಯಾಮೆರಾ ಒಪ್ಪಲಿಲ್ಲ. ಹೀಗೆ ಸಿಕ್ಕ ತುಂಡುಗಳಿಗೆ ಐಎಸ್ಒ ಅನ್ನೋ ಪ್ರಶ್ನೆಯೇ ಇಲ್ಲ, ಅವನ್ನು ಮಾತ್ರ ಎಂಕೆವಿ ಮಾಡಿ "ಮೂಲ"ಕ್ಕೆ ಹಾಕಿದೆ. ಇನ್ನೊಂದು ಮಾತು, ಈ ಪುಟ್ಟ ಡಿಸ್ಕುಗಳನ್ನು ಬಾಯಿಗೆ ತುರುಕುವ ಥರದ ಡ್ರೈವಿಗೆ ಹಾಕಬೇಡಿ, ಒಳಗೇ ಸಿಕ್ಕಿಕೊಳ್ಳುತ್ತವೆ. ತಟ್ಟೆ ಹೊರಗೆ ಬರುವಂಥದ್ದರಲ್ಲಿ ನಡುವೆ ಅವಕ್ಕೆಂದೇ ಸಣ್ಣ ಗುಂಡಿ ಇರುತ್ತದೆ.

ಅಜ್ಜಿಯ ಹಾಡು ಇದ್ದದ್ದು ಆ ಮೂರರಲ್ಲಿ ಒಂದರಲ್ಲಿ. 2007ರ ನವರಾತ್ರಿ, ಗೊಂಬೆ ಮುಂದೆ ಆರತಿ, ಹಿಂದೆ ಕುಕ್ಕರ್ ಸೀಟಿ. ಮದುವೆ ವಿಸಿಡಿಯಲ್ಲೂ ಅಜ್ಜಿ ಹಸೆ ಮುಂದೆ ಕೂತು ಹಾಡೋದು ಕಾಣುತ್ತದೆ, ಬಾಯಿ ಆಡುತ್ತದೆ, ಆದರೆ ವಿಡಿಯೋದವರು ಅದರ ಮೇಲೆ ಸಿನಿಮಾ ಹಾಡು ಹಾಕಿ ಕೂಡಿಸಿಬಿಟ್ಟಿದ್ದಾರೆ. ಯಾವ ಫಾರ್ಮ್ಯಾಟ್ ಬಳಸಿದರೂ ಆ ದನಿ ವಾಪಸ್ ಬರೋದಿಲ್ಲ. ಅದೇ ಸಿನಿಮಾ ಹಾಡಿನ ದೆಸೆಯಿಂದ, ನೆಂಟರಿಗೆ ಮಾತ್ರ ಕಾಣುವ ಹಾಗೆ ಒಂದು ವಿಡಿಯೋ ಸೈಟಿಗೆ ಹಾಕಿದ ಮದುವೆಗೆ ಕಾಪಿರೈಟ್ ನೋಟಿಸೂ ಬಂತು, ಮಾವ ಗಾಬರಿಯಾಗಿ "ತೆಗೆದುಬಿಡು, ಪೋಲೀಸ್ ಗೀಲೀಸ್ ಬಂದಾರು" ಅಂದರು.

"ನೋಡಲು" ಪ್ರತಿಗಳನ್ನು ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಮಾಡಿದೆ. ಹಿಂಡುವ ವಿಧಾನ ಎಚ್.264 ಆರಿಸಿದ್ದಕ್ಕೆ ಕಾರಣ ಅದು ಹಳೇದು ಅನ್ನೋದೇ: 2003ರಿಂದ ಇದೆ, ಮಾವನ ಹತ್ತು ವರ್ಷದ ಟಿವಿಯಲ್ಲೂ ಓಡುತ್ತದೆ, ಚಿಕ್ಕಮ್ಮನ ಫೋನಿನಲ್ಲೂ ಓಡುತ್ತದೆ. 2013ರ ಎಚ್.265, 2018ರ ಎವಿ1 ಬಗ್ಗೆ ನನಗೇನೂ ದ್ವೇಷ ಇಲ್ಲ, ಆದರೆ ಹಬ್ಬದ ದಿನ ಎಲ್ಲ ಕೂತಾಗ "ಫೈಲ್ ಸಪೋರ್ಟ್ ಆಗ್ತಿಲ್ಲ" ಅಂತ ಬರೋದು ನನಗೆ ಬೇಡ. ಗುಣಮಟ್ಟ 20ರಲ್ಲಿ ಇಟ್ಟೆ, ಆ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಅರ್ಧ ಚಿತ್ರಗಳನ್ನು ಬಿಡಿಸಿ ಸೆಕೆಂಡಿಗೆ 50 ಪೂರ್ತಿ ಚಿತ್ರ ಮಾಡಿಸಿದೆ, ಕೋಲಾಟ ಈಗ ಹಳೇ ಟಿವಿಯಲ್ಲಿ ಕಾಣುತ್ತಿದ್ದಷ್ಟೇ ನಯವಾಗಿ ಕಾಣುತ್ತದೆ. ವಿಸಿಡಿಗೆ ಈ ಬಿಡಿಸುವ ಕೆಲಸ ಬೇಡ. ಆಕಾರ 4:3 ಇದ್ದದ್ದು 4:3, ಎರಡೂ ಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ. ಡಿವಿಡಿಯ ಒಂದು ಗಂಟೆಗೆ ಒಂದೂವರೆ ಜಿಬಿ ಆಸುಪಾಸು ಬಂತು. ಇದರಲ್ಲಿ ಒಂದು ಲಾಭ, ಎರಡು ಗಂಟೆಯ ಫೈಲ್ ಕೂಡ 4 ಜಿಬಿ ದಾಟೋದಿಲ್ಲ, ಅದಕ್ಕಿಂತ ದೊಡ್ಡದು ಫ್ಯಾಟ್32 ಅನ್ನುವ ಹಳೇ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವಿಗೆ ಹತ್ತೋದಿಲ್ಲ.

ಫೈಲಿನ ಹೆಸರುಗಳನ್ನು ಕನ್ನಡದಲ್ಲೇ ಇಟ್ಟಿದ್ದೆ, ಚೆಂದ ಕಾಣುತ್ತಿತ್ತು. ಮಾವನ ಟಿವಿಯಲ್ಲಿ ಎಲ್ಲ ಡಬ್ಬ ಡಬ್ಬವಾಗಿ ಬಂತು. ಬೇಜಾರಿನಿಂದಲೇ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿದೆ, ಮೊದಲು ವರ್ಷ, ಆಮೇಲೆ ಡಿಸ್ಕ್ ನಂಬರ್, ಆಮೇಲೆ ಸಮಾರಂಭ. ಯಾವ ಫೈಲಿನಲ್ಲಿ ಯಾರ್ಯಾರಿದ್ದಾರೆ ಅನ್ನೋದನ್ನು ಅತ್ತೆ ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಒಂದು ಸಾದಾ ಟೆಕ್ಸ್ಟ್ ಫೈಲಿಗೆ ಹಾಕಿದೆ. ಈ ಇಡೀ ಕೆಲಸದಲ್ಲಿ ಮುಂದೆ ಯಾರಿಂದಲೂ ಮತ್ತೆ ಮಾಡೋಕೆ ಆಗದ ಭಾಗ ಇದೇ ಇರಬೇಕು. "ಆ ಕೆಂಪು ಸೀರೆಯವರು ಯಾರು" ಅಂದರೆ ಮಾವನಿಗೇ ಗೊತ್ತಿರಲಿಲ್ಲ.

ಎಲ್ಲ ಸೇರಿ 165 ಜಿಬಿ ಹತ್ತಿರ ಆಯಿತು. ಒಂದು ಹಾರ್ಡ್‌ಡಿಸ್ಕ್ ಮಾವನ ಬೀರುವಿನಲ್ಲಿ, ಇನ್ನೊಂದು ವಿಜಯನಗರದ ನಮ್ಮ ಮನೆಯಲ್ಲಿ, ಮೂರನೇ ಪ್ರತಿ ಕ್ಲೌಡ್‌ನಲ್ಲಿ. ಪ್ರತಿ ಫೈಲಿನ ಚೆಕ್‌ಸಮ್ (ಫೈಲ್ ಸ್ವಲ್ಪ ಕೆಟ್ಟರೂ ಬದಲಾಗುವ ಗುರುತಿನ ಸಂಖ್ಯೆ) ಬರೆದಿಟ್ಟಿದ್ದೇನೆ, ವರ್ಷಕ್ಕೊಮ್ಮೆ ಗೌರಿ ಹಬ್ಬದ ಹೊತ್ತಿಗೆ ಎರಡೂ ಡಿಸ್ಕನ್ನು ಅದರ ಜೊತೆ ತಾಳೆ ನೋಡೋದು ಅಂತ ಮಾತಾಗಿದೆ. ವಾಟ್ಸಾಪಿನಲ್ಲಿ ಕಳಿಸುವವರಿಗೆ ಡಾಕ್ಯುಮೆಂಟ್ ಅಂತಲೇ ಕಳಿಸಿ ಅಂತ ಹೇಳಿದ್ದೇನೆ. ವಿಡಿಯೋ ಅಂತ ಕಳಿಸಿದರೆ ಅಂಗಡಿಯವರು ಮಾಡಿದ ಕೆಲಸವೇ ಮತ್ತೆ ಆಗುತ್ತದೆ.

ಮಗಳ ಮದುವೆಯದೊಂದು ಹೊಟ್ಟೆಯುರಿ ಮಾತ್ರ ಉಳಿಯಿತು. 2016ರಲ್ಲಿ ಶೂಟ್ ಮಾಡಿದ್ದು ಪೂರ್ತಿ ಎಚ್‌ಡಿಯಲ್ಲಿ, ನಮಗೆ ಕೊಟ್ಟದ್ದು ಡಿವಿಡಿಗೆ ಇಳಿಸಿದ್ದು. ಸ್ಟುಡಿಯೋದವರಿಗೆ ಫೋನ್ ಮಾಡಿದರೆ ಅಷ್ಟು ವರ್ಷದ್ದು ಇಟ್ಟುಕೊಳ್ಳೋದಿಲ್ಲ ಸಾರ್ ಅಂದರು. ಈಗ ಮದುವೆ ಮಾಡಿಸುತ್ತಿರೋರು ಎಡಿಟ್ ಆದ ಫೈಲಿನ ಜೊತೆ ಕ್ಯಾಮೆರಾದಿಂದ ಬಂದ ಮೂಲವನ್ನೂ ಅವತ್ತೇ ಕೇಳಿ ತಗೊಳ್ಳಿ, ಹಾರ್ಡ್‌ಡಿಸ್ಕ್ ನಾವೇ ಕೊಟ್ಟರೂ ಸರಿ.

43ರಲ್ಲಿ 42 ಆಯಿತು. ಉಳಿದದ್ದು 31ನೇ ನಂಬರ್, 2009ರ ಶೃಂಗೇರಿ ಪ್ರವಾಸದ ಮಿನಿ ಡಿವಿಡಿ, ಕ್ಯಾಮೆರಾ ಫೈನಲೈಸ್ ಮಾಡೋಕೆ ಒಪ್ಪದ್ದು. 23 ನಿಮಿಷ ಸಿಕ್ಕಿದೆ, ಕೊನೆಯ ಏಳು ನಿಮಿಷ ಯಾವ ಡ್ರೈವೂ ಓದಿಲ್ಲ. ಅದನ್ನು ಬೇರೆ ಕವರಿಗೆ ಹಾಕಿ ಮೇಲೆ "ಎಸೆಯಬಾರದು" ಅಂತ ಬರೆದಿದ್ದೇವೆ. ಬರೆದದ್ದು ಕವರಿನ ಮೇಲೆ, ಡಿಸ್ಕಿನ ಮೇಲಲ್ಲ. ಸ್ಟಿಕರ್ರೂ ಇಲ್ಲ.